ತಂದವನು ಕೊನೆಗೆ

ಅಕ್ಟೋಬರ್ 6, ಸೋಮವಾರ

ಅಣ್ಣನನ್ನು ಆಸ್ಪತ್ರೆಯಿಂದ ಮನೆಗೆ ತಂದೆವು. ಕರೆದುಕೊಂಡು ಬಂದೆವು ಅನ್ನಬೇಕಿತ್ತು. ಆದರೆ ಇಬ್ಬರು ಹೊತ್ತು, ಒಬ್ಬ ಬಾಗಿಲು ಹಿಡಿದು, ಬೀರು ಇಳಿಸಿದ ಹಾಗೆ ಇಳಿಸಿದ್ದು. ಲಕ್ವ ಹೊಡೆದು ಬಲಗಡೆ ಪೂರ್ತಿ ಹೋಗಿದೆ. ಮಾತೂ ಹೋಗಿದೆ. ಬಲಗೈ ಮುಷ್ಟಿ ಕಟ್ಟಿಕೊಂಡಿದೆ, ಹೆಬ್ಬೆರಳು ಒಳಗೆ ಸಿಕ್ಕಿಕೊಂಡಿದೆ, ಬಿಡಿಸಲು ಬರುವುದಿಲ್ಲ. ಎಡಗೈ ಆಡುತ್ತದೆ, ಕಣ್ಣು ಆಡುತ್ತದೆ. ಉಳಿದಿರುವುದು ಅಷ್ಟೇ.

ಮೆಟ್ಟಿಲು ಹತ್ತಿಸುವುದು ಆಗದ ಮಾತು. ಕೆಳಗಿರುವುದು ಮುಂದೆ ನನ್ನ ಫೋಟೋ ಕಟ್ಟು ಹಾಕುವ ಅಂಗಡಿ, ಹಿಂದೆ ನನ್ನ ಸಂಗ್ರಹದ ಕೋಣೆ. ಅತ್ತಿಗೆ ಬಂದವರೇ "ನಿನ್ನ ಗುಜರಿ ಸರಿಸಯ್ಯ, ನನ್ನ ಗಂಡನ್ನ ಮಲಗಿಸಬೇಕು" ಅಂದರು. ಗುಜರಿಯಂತೆ. ಇಪ್ಪತ್ತೈದು ವರ್ಷ ಊರೂರು ಅಲೆದು, ಕಂಡವರ ಕಾಲು ಹಿಡಿದು ಕೂಡಿಸಿದ್ದು. ಅಣ್ಣ ಸಿಪಾಯಿಯಾಗಿ ಕಾದಾಡಿದ ಬೋಳುಗುಡ್ಡದ ಕಾಳಗದ ಇಷ್ಟು ವಸ್ತು ಸರ್ಕಾರದ ಹತ್ತಿರವೂ ಇಲ್ಲ. ಟೋಪಿ, ಬೆಲ್ಟು, ಬೂಟು, ಖಾಲಿ ತೋಟೆ, ಪ್ರತಿಯೊಂದಕ್ಕೂ ದಾರ ಕಟ್ಟಿದ ಚೀಟಿ. "ಒಂದು ದಿನ ನಾನು ಮಲಗಿದ್ದಾಗ ನನ್ನ ಕುತ್ತಿಗೆಗೂ ಚೀಟಿ ಕಟ್ತೀಯ" ಅಂತ ಅತ್ತಿಗೆ ಮೊದಲಿಂದಲೂ ಅಣಕಿಸುವುದು.

ಮಂಚವನ್ನು ಗಾಜಿನ ಪೆಟ್ಟಿಗೆಗೆ ಎದುರಾಗಿ ಹಾಕಿಸಿದೆ. ಅದರೊಳಗೆ ಇರುವುದು ಆ ಗುಡ್ಡದಿಂದ ಬಂದ ತಗಡಿನ ನೀರಿನ ಬಾಟ್ಲಿ, ನನ್ನ ಸಂಗ್ರಹದ ಕಳಶ ಇದ್ದ ಹಾಗೆ. ಬೇಕೆಂದೇ ಹಾಗೆ ಹಾಕಿಸಿದ್ದು. ಕಣ್ಣೆದುರು ಇದ್ದರೆ ನೆನಪು ಕದಲಬಹುದು, ನೆನಪು ಕದಲಿದರೆ ಮಾತು ಬರಬಹುದು.

ಅಕ್ಟೋಬರ್ 8, ಬುಧವಾರ

ಮ್ಯೂಸಿಯಂ ಮೇಡಮ್ ಫೋನ್ ಮಾಡಿದ್ದರು. ಕಾಳಗಕ್ಕೆ ಐವತ್ತು ವರ್ಷ ತುಂಬುವುದರಿಂದ ಹೊಸ ಭವನ, ತಿಂಗಳ ಕೊನೆಗೆ ಉದ್ಘಾಟನೆ. 24ನೇ ತಾರೀಕು ವ್ಯಾನು ಬಂದು ನನ್ನ ಸಂಗ್ರಹವನ್ನೆಲ್ಲ ಒಯ್ಯುತ್ತದೆ. ಬಾಗಿಲ ಬೋರ್ಡಿಗೆ ನಾಲ್ಕು ಸಾಲಿನ ಒಕ್ಕಣೆ ಕೇಳಿದ್ದರು. ಬರೆದು ಓದಿ ಹೇಳಿದೆ. ಇಲ್ಲಿಯೂ ಬರೆದಿಟ್ಟಿರುತ್ತೇನೆ:

"ಗಡಿಯ ಬೋಳುಗುಡ್ಡದ ಠಾಣೆಯನ್ನು ಬೆರಳೆಣಿಕೆಯ ಯೋಧರು ಮೂರು ದಿನ ಕಾದರು. ತೊರೆ ಇದ್ದದ್ದು ಕೆಳಗೆ, ಶತ್ರುವಿನ ಗುಂಡಿಗೆ ಸಿಗುವ ಜಾಗದಲ್ಲಿ. ಠಾಣೆಯ ಅಡುಗೆಯವನು ಒಬ್ಬನೇ ಇಳಿದು ನೀರು ತುಂಬಿಕೊಂಡು ಬರುವಾಗ ಗುಂಡಿಗೆ ಬಲಿಯಾದ. ನೀರು ಮೇಲೆ ಬರಲೇ ಇಲ್ಲ, ಬಾಯಾರಿದವರೇ ಗುಡ್ಡವನ್ನು ಉಳಿಸಿದರು."

"ಚೆನ್ನಾಗಿದೆ ಸರ್. ನಿಮ್ಮಣ್ಣನವರ ಹೇಳಿಕೆ ಒಂದು ಬಾಕಿ ಇದೆಯಲ್ಲ?" ಅಂದರು.

ಅದೇ ನನ್ನ ಹೊಟ್ಟೆಯೊಳಗಿನ ಕಲ್ಲು. ಜೀವಂತ ಇಳಿದು ಬಂದ ಬೇರೆ ಎಲ್ಲರ ಹೇಳಿಕೆ ನನ್ನ ಹತ್ತಿರ ಇದೆ. ನನ್ನದು ಮೂರೇ ಪ್ರಶ್ನೆ: ನೀವು ಎಲ್ಲಿದ್ದಿರಿ, ಪಕ್ಕದಲ್ಲಿ ಯಾರಿದ್ದರು, ಕೈಯಲ್ಲಿ ಏನಿತ್ತು. ಹೆಚ್ಚು ಕೇಳಿದರೆ ಜನ ಕಥೆ ಕಟ್ಟುತ್ತಾರೆ. ಮೂರೇ ಕೇಳಿದರೆ ನಿಜ ಹೇಳುತ್ತಾರೆ. ಊರಿನವರನ್ನೆಲ್ಲ ಕೇಳಿದ ನಾನು ಮನೆಯವನನ್ನು ಸರಿಯಾಗಿ ಕೂರಿಸಿಕೊಂಡು ಕೇಳಲಿಲ್ಲ. ಎರಡು ಮೂರು ಸಲ ಬಾಯಿ ತೆಗೆದಿದ್ದೆ. "ಕೆಲಸ ಇದೆ ಕಣೋ" ಅಂತ ಅಣ್ಣ ಎದ್ದು ಹೋಗುತ್ತಿದ್ದ. ಎಲ್ಲಿ ಹೋಗ್ತಾನೆ, ಮನೆಯಲ್ಲೇ ಇದ್ದಾನಲ್ಲ, ಇನ್ನೊಂದು ದಿನ ಕೇಳಿದರಾಯ್ತು ಅಂತ ನಾನೂ ಬಿಟ್ಟೆ. ಹಿತ್ತಲ ಗಿಡ ಮದ್ದಲ್ಲ.

ಅವನ ಹೇಳಿಕೆಗೆಂದು ಒಳ್ಳೆಯ ಮರದಲ್ಲಿ ಕಟ್ಟು ಹಾಕಿ ಇಟ್ಟಿದ್ದೇನೆ. ಗಾಜು ಕೂರಿಸಿ, ಹಿಂದೆ ರಟ್ಟು ಹೊಡೆದು, ಎಲ್ಲ ತಯಾರು. ಒಳಗೆ ಹಾಳೆ ಇಲ್ಲ.

ಅಕ್ಟೋಬರ್ 11, ಶನಿವಾರ

ಅಣ್ಣ ನೀರು ಕುಡಿಯುತ್ತಿಲ್ಲ.

ಗಂಜಿ ಇಳಿಯುತ್ತದೆ, ಮೆದ್ದಗೆ ಮಾಡಿದ ಅನ್ನ ಇಳಿಯುತ್ತದೆ. ನೀರಿಗೆ ಡಾಕ್ಟರು ಒಂದು ಪುಡಿ ಕೊಟ್ಟಿದ್ದಾರೆ, ಅದನ್ನು ಬೆರೆಸಿ ಮಂದ ಮಾಡಿ ಚಮಚದಲ್ಲಿ ಕೊಡಬೇಕು, ಇಲ್ಲದಿದ್ದರೆ ಶ್ವಾಸಕ್ಕೆ ಹೋಗುತ್ತದಂತೆ. ಚಮಚ ಹತ್ತಿರ ತಂದರೆ ಹಲ್ಲು ಕಚ್ಚಿಕೊಳ್ಳುತ್ತಾನೆ. ಎಡಗೈಯಿಂದ ಲೋಟವನ್ನು ನಮ್ಮ ಕಡೆಗೇ ತಳ್ಳುತ್ತಾನೆ. ಮತ್ತೆ ಕೊಟ್ಟರೆ ಮತ್ತೆ ತಳ್ಳುತ್ತಾನೆ. ದಿನಾ ಬರುವ ನರ್ಸಮ್ಮ ಕೈಗೆ ಸೂಜಿ ಚುಚ್ಚಿ ಸಲೈನ್ ಹಾಕಿ ಹೋಗುತ್ತಾಳೆ. ನರ ಸಿಗುವುದೇ ಕಷ್ಟವಾಗಿದೆ.

"ಹುಟ್ಟಾ ಮೊಂಡ" ಅಂದರು ಅತ್ತಿಗೆ. ಆಮೇಲೆ ಅವರಿಗೇ ನಗು ಬಂತು. "ಮದುವೆಯಾದ ಹೊಸದರಲ್ಲಿ ಈ ಮನುಷ್ಯ ಎಲ್ಲರಿಗೂ ತಾನೇ ನೀರು ಬಗ್ಗಿಸಿ ಕೊಟ್ಟು, ನಾವು ಕುಡಿದು ಲೋಟ ಕೆಳಗಿಡೋವರೆಗೂ ಕಣ್ಣು ಬಿಟ್ಕೊಂಡು ನೋಡೋರು. ಆಮೇಲೆ ತಾನು ಕುಡಿಯೋದು. ನಾನು ವಿಷ ಗಿಷ ಹಾಕಿದ್ದಾರೇನೋ ಅಂದ್ಕೊಂಡು ಒಂದು ವಾರ ಹೆದರಿದ್ದೆ."

ಅದು ನಿಜ. ಊಟಕ್ಕೆ ಕೂತಾಗ ಅಣ್ಣನ ಲೋಟವೇ ಯಾವಾಗಲೂ ಕೊನೆಗೆ. ನಾವೆಲ್ಲ ಅದನ್ನು ಅವನ ಚಾಳಿ ಅಂದುಕೊಂಡಿದ್ದೆವು. ಈಗ ಬಗ್ಗಿಸುವುದಕ್ಕೂ ಕೈಯಿಲ್ಲ, ಕುಡಿಯುವುದಕ್ಕೂ ಮನಸ್ಸಿಲ್ಲ. ನೋಡಲಾಗುವುದಿಲ್ಲ.

ಅಕ್ಟೋಬರ್ 12, ಭಾನುವಾರ

ಮೈ ಎಲ್ಲ ಉರಿಯುತ್ತಿದೆ. ಗುಡ್ಡದಲ್ಲಿ ಸತ್ತ ಒಬ್ಬ ಹುಡುಗನ ತಾಯಿಯನ್ನು ಎಷ್ಟೋ ವರ್ಷದಿಂದ ಕೇಳುತ್ತಿದ್ದೆ, ಅವನ ಅಂಗಿ ಕೊಡಿ ಅಂತ. ಆಗ ಕಳಿಸಿದ್ದ ಅಂಗಿ, ಗುಡ್ಡದ ಮಣ್ಣು ಹಾಗೇ ಇತ್ತು, ನಾನೇ ಕಣ್ಣಾರೆ ನೋಡಿದ್ದೆ. ಇವತ್ತು ಮುದುಕಿ ಬಸ್ಸು ಹತ್ತಿ ತಾನೇ ತಂದುಕೊಟ್ಟಳು. ಬಿಚ್ಚಿ ನೋಡಿದರೆ ಒಗೆದು, ಇಸ್ತ್ರಿ ಹಾಕಿ, ಗುಂಡಿ ಹೊಲಿದು ತಂದಿದ್ದಾಳೆ.

"ಅಷ್ಟು ಜನ ನೋಡೋ ಜಾಗಕ್ಕೆ ಹೋಗುತ್ತಲ್ಲಪ್ಪಾ, ಕೊಳೆ ಅಂಗೀಲಿ ಹೇಗೆ ಕಳಿಸಲಿ" ಅಂದಳು.

ಆ ಮುಖ ನೋಡಿ ಬೈಯಲಾಗಲಿಲ್ಲ. ಆದರೆ ಏನು ಅನ್ಯಾಯ ಇದು. ಮಣ್ಣು ಹೋದರೆ ಅಂಗಡಿಯ ಅಂಗಿಗೂ ಇದಕ್ಕೂ ಏನು ವ್ಯತ್ಯಾಸ? ಹಳೆಯ ವಸ್ತುವಿಗೆ ನೀರು ತಾಗಿಸಬಾರದು ಅಂತ ಎಷ್ಟು ಸಲ ಬಡಕೊಳ್ಳಲಿ. ಒಂದು ಸಲ ಅತ್ತಿಗೆ ಬಾಟ್ಲಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದೆ ನಾನು.

ಮುದುಕಿ ಅಣ್ಣನ ಮಂಚದ ಹತ್ತಿರ ಸ್ವಲ್ಪ ಹೊತ್ತು ಕೂತಳು. ಅಣ್ಣ ಲೋಟ ಅವಳ ಕಡೆ ತಳ್ಳಿದ. ಪಾಪ, ತನಗೇ ಕೊಟ್ಟ ಅಂದುಕೊಂಡು ಕುಡಿದೇಬಿಟ್ಟಳು, ಪುಡಿ ಬೆರೆಸಿದ ನೀರನ್ನ. ಅತ್ತಿಗೆಗೆ ಎಲ್ಲಿಲ್ಲದ ಸಂಕೋಚ. ಅಣ್ಣ ಮಾತ್ರ ತಲೆಯಾಡಿಸಿದ.

ಅಕ್ಟೋಬರ್ 15, ಬುಧವಾರ

ಇವತ್ತು ನನ್ನ ಉಪಾಯ ಮಾಡಿ ನೋಡಿದೆ. ಮಾತಿಲ್ಲದಿದ್ದರೇನು, ಕಣ್ಣಿದೆ. ಒಂದೊಂದೇ ವಸ್ತು ತಂದು ಹಾಸಿಗೆಯ ಮೇಲಿಟ್ಟೆ. ಬೆಲ್ಟು ತೋರಿಸಿ, "ಅಣ್ಣ, ಹೌದು ಅಂದ್ರೆ ಕಣ್ಣು ಮುಚ್ಚು. ನೀನು ತೊರೆ ಕಡೆ ಇದ್ಯಾ?" ಅಂದೆ. ನನ್ನನ್ನೇ ನೋಡಿದ. ಟೋಪಿ ತೋರಿಸಿದೆ. ಗೋಡೆ ಕಡೆ ತಿರುಗಿದ. ರೆಕಾರ್ಡರ್ ಆನ್ ಮಾಡಿಟ್ಟಿದ್ದೆ, ಅದರಲ್ಲಿ ಈಗ ಇರುವುದು ನನ್ನ ದನಿ, ಅವನ ಉಸಿರು.

ಕೊನೆಗೆ ಪೆಟ್ಟಿಗೆ ತೆಗೆದು ಬಾಟ್ಲಿ ತಂದೆ. ಅದರ ಖಾಕಿ ಬಟ್ಟೆಯ ಹೊದಿಕೆ ಅರ್ಧ ಹರಿದಿದೆ, ಬುಡದ ಹತ್ತಿರ ಸಿಡಿಗುಂಡಿನ ಚೂರು ತಗುಲಿ ಆದ ತೂತು. ಠಾಣೆಯ ಆಫೀಸರು ಅದನ್ನು ಸಾಯುವ ತನಕ ಇಟ್ಟುಕೊಂಡಿದ್ದರು, ಅವರ ಮಗಳು ಮನೆ ಖಾಲಿ ಮಾಡುವಾಗ ನನಗೆ ಕೊಟ್ಟಳು. ಚೀಟಿಯಲ್ಲಿ ನಾನೇ ಬರೆದದ್ದು: "ಹುತಾತ್ಮನ ಪಕ್ಕದಲ್ಲಿ ಖಾಲಿಯಾಗಿ ಸಿಕ್ಕಿದ್ದು." ಅದನ್ನು ಓದಿ ಹೇಳಿದೆ.

ಅಣ್ಣನ ಗಂಟಲಿಂದ ಒಂದು ಸದ್ದು ಬಂತು. ಅಂಥ ಸದ್ದು ನಾನು ಮನುಷ್ಯರಿಂದ ಕೇಳಿಲ್ಲ. ಎಡಗೈ ಬೀಸಿದ ರಭಸಕ್ಕೆ ನೀರಿನ ಲೋಟ ಗೋಡೆಗೆ ಹೋಗಿ ಬಿತ್ತು. ಅತ್ತಿಗೆ ಓಡಿ ಬಂದರು.

"ಏನು ಮಾಡಿದೆ?"

"ಮಾತಾಡಿಸ್ತಾ ಇದ್ದೆ ಅತ್ತಿಗೆ. ನೆನಪು ಬರಲಿ ಅಂತ."

"ಯಾರಿಗೆ ಬೇಕು ನೆನಪು? ನನಗೆ ಅವರು ಬೇಕು. ಒಂದು ಗುಟುಕು ನೀರು ಇಳಿಸೋಕೆ ನಾನು ದಿನವೆಲ್ಲ ಒದ್ದಾಡ್ತಾ ಇದ್ದೀನಿ, ನೀನು ಹೇಳಿಕೆ ತಗೋತೀಯಾ ಹೇಳಿಕೆ." ಅವರು ಕಟ್ಟು ಹಾಕಿಟ್ಟಿದ್ದ ಆ ಖಾಲಿ ಫ್ರೇಮನ್ನು ಎತ್ತಿಕೊಂಡರು. ಒಡೆದುಹಾಕುತ್ತಾರೆ ಅಂದುಕೊಂಡೆ. ಒಡೆಯಲಿಲ್ಲ. ಗಾಜು ಮೇಲೆ ಬರುವ ಹಾಗೆ ಹಾಸಿಗೆಯ ಮೇಲಿಟ್ಟು, ಅದರ ಮೇಲೆ ಚಮಚ, ಬಟ್ಟಲು, ಪುಡಿ ಡಬ್ಬಿ ಜೋಡಿಸಿದರು. "ಇದಕ್ಕಾದರೂ ಬರಲಿ" ಅಂದರು.

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ.

ಅಕ್ಟೋಬರ್ 16, ಗುರುವಾರ

ನೀರು ಇಲ್ಲ. ತುಟಿ ಒಡೆದಿದೆ. ಅಂಗಡಿ ತೆಗೆಯಲಿಲ್ಲ.

ಅಕ್ಟೋಬರ್ 19, ಭಾನುವಾರ

ಡಾಕ್ಟರು ಬಂದಿದ್ದರು. ಚರ್ಮ ಎಳೆದು ನೋಡಿದರು, ನಾಲಿಗೆ ನೋಡಿದರು. ಸಲೈನಿನ ಮೇಲೆ ಎಷ್ಟು ದಿನ ತಳ್ಳುವುದು, ನರಗಳೆಲ್ಲ ಕೂತು ಹೋಗಿವೆ ಅಂದರು. ಶುಕ್ರವಾರದ ತನಕ ನೋಡೋಣ, ಆಗಲೂ ಕುಡಿಯದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಕೆ ಹಾಕಬೇಕು.

"ಹಾಕಿಬಿಡಿ, ಅದರಿಂದಲಾದರೂ ಹೊಟ್ಟೆಗೆ ಹೋಗಲಿ" ಅಂದೆ ನಾನು.

"ಹೋದ ಸಲ ಆಸ್ಪತ್ರೆಯಲ್ಲಿ ಎರಡು ಸಲ ಕಿತ್ತು ಹಾಕಿದ್ದಾರೆ. ಈ ಸಲ ಆ ಕೈ ಕಟ್ಟಬೇಕಾಗುತ್ತೆ" ಅಂದರು.

ಅತ್ತಿಗೆ ಅಣ್ಣನ ಎಡಗೈಯನ್ನು ತಮ್ಮ ಕೈಯೊಳಗೆ ಹಿಡಿದುಕೊಂಡರು. ಅವನಿಗೆ ಉಳಿದಿರುವುದೇ ಆ ಒಂದು ಕೈ. ಅದರಿಂದಲೇ ಅತ್ತಿಗೆಯ ಬೆನ್ನು ಸವರುತ್ತಾನೆ, ಅದರಿಂದಲೇ ಸೊಳ್ಳೆ ಹೊಡೆದುಕೊಳ್ಳುತ್ತಾನೆ. ಅದನ್ನೂ ಮಂಚಕ್ಕೆ ಕಟ್ಟಿದರೆ ಮನುಷ್ಯ ಅಂತ ಏನು ಉಳಿಯಿತು? ನಾನು ಡಾಕ್ಟರ ಜೊತೆ ಬಾಗಿಲವರೆಗೂ ಹೋದೆ. ಬೇರೆ ದಾರಿಯೇ ಇಲ್ಲವಾ ಅಂತ ಕೇಳಿದೆ. "ಕುಡಿದರೆ ಬೇಡ. ಅಷ್ಟೇ ದಾರಿ" ಅಂದರು. ಒಳ್ಳೆಯವರೇ. ಅವರಾದರೂ ಏನು ಮಾಡುತ್ತಾರೆ.

ಅಕ್ಟೋಬರ್ 20, ಸೋಮವಾರ

ಗದರಿದೆ. ಗೋಗರೆದೆ. ಕಾಲು ಹಿಡಿದುಕೊಂಡೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಲೋಟ ನನ್ನ ಕಡೆ ತಳ್ಳಿ ನನ್ನ ಬಾಯಿಯನ್ನೇ ನೋಡುತ್ತಿದ್ದ.

ಅಕ್ಟೋಬರ್ 22, ಬುಧವಾರ

ವ್ಯಾನಿಗೆ ಕಟ್ಟಿಡಬೇಕು ಅಂತ ಮೇಡಮ್ ಎರಡು ಸಲ ನೆನಪಿಸಿದರು. ಪೆಟ್ಟಿಗೆಗಳಿಗೆ ಹುಲ್ಲು ತುಂಬಿದೆ, ಬೂಟುಗಳನ್ನು ಕಾಗದದಲ್ಲಿ ಸುತ್ತಿದೆ. ಇಪ್ಪತ್ತೈದು ವರ್ಷದ ಕೆಲಸ, ಒಂದು ಮಧ್ಯಾಹ್ನಕ್ಕೆ ಕಟ್ಟಿ ಮುಗಿಯಿತು. ಖುಷಿಯಾಗಬೇಕಾದ ದಿನ. ಕೈ ತಾನೇ ಕೆಲಸ ಮಾಡುತ್ತಿತ್ತು, ನನ್ನ ಕಿವಿ ಮಾತ್ರ ಪಕ್ಕದಲ್ಲಿ ಅಣ್ಣನ ಉಸಿರಿನ ಮೇಲೆ.

ಕುಂಟಣ್ಣನಿಗೆ ಫೋನ್ ಮಾಡಿದೆ. ಗುಡ್ಡದಿಂದ ಬಂದವರಲ್ಲಿ ಈಗ ಬದುಕಿರುವುದು ಅಣ್ಣ ಮತ್ತು ಅವನು, ಇಬ್ಬರೇ. ಸಿಡಿಗುಂಡು ತಗುಲಿ ಕಾಲ್ಬೆರಳು ಹೋದವನು. ಅವನ ಹೇಳಿಕೆಯನ್ನು ತುಂಬ ಹಿಂದೆಯೇ ತೆಗೆದುಕೊಂಡಿದ್ದೆ: ಎಡ ಮೂಲೆಯಲ್ಲಿದ್ದ, ಪಕ್ಕದಲ್ಲಿ ಅಣ್ಣ, ಕೈಯಲ್ಲಿ ಬಂದೂಕು. "ನೀವು ಬಂದು ಹೇಳಿದರೆ ಕುಡೀತಾನೇನೋ" ಅಂದೆ. ಬೆಳಗಿನ ಬಸ್ಸಿಗೆ ಬರ್ತೀನಿ ಅಂದ. ಏನಾಗುವುದಿದೆ, ಸುಮ್ಮನೆ ಮುಳುಗುವವನಿಗೆ ಹುಲ್ಲುಕಡ್ಡಿ.

ಅಕ್ಟೋಬರ್ 23, ಗುರುವಾರ

ಕುಂಟಣ್ಣ ಬಂದ. ಕೋಲು ಗೋಡೆಗೆ ಒರಗಿಸಿ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, "ಏನೋ, ಮಲಗಿಬಿಟ್ಯಾ ಸೋಮಾರಿ" ಅಂದ. ಅಣ್ಣನ ಮುಖದ ಎಡಭಾಗ ನಕ್ಕಿತು. ಈ ಮೂರು ವಾರದಲ್ಲಿ ಅದೇ ಮೊದಲು.

ಅತ್ತಿಗೆ ಫ್ರೇಮಿನ ಮೇಲೆ ನೀರಿನ ಲೋಟ ತಂದಿಟ್ಟರು. ಅಣ್ಣ ಎಂದಿನಂತೆ ತಳ್ಳಿದ, ಕುಂಟಣ್ಣನ ಕಡೆಗೆ. ಅತ್ತಿಗೆ "ನೋಡಿ, ಹೀಗೇ" ಅನ್ನುವಷ್ಟರಲ್ಲಿ ಕುಂಟಣ್ಣ ಲೋಟ ಎತ್ತಿ ಒಂದು ಗುಟುಕು ಕುಡಿದ. ಬಾಯಿ ಒರೆಸಿಕೊಂಡು "ನಂದಾಯ್ತು" ಅಂದ. ಲೋಟವನ್ನು ನನ್ನ ಕೈಗೆ ಕೊಟ್ಟ.

"ಕುಡಿಯಪ್ಪ. ಕುಡಿದು ನಂದಾಯ್ತು ಅನ್ನು. ಏನು ನೋಡ್ತೀಯ, ಸರದಿ ನಿಂದು."

ಕುಡಿದೆ. ನಂದಾಯ್ತು ಅಂದೆ. ಅಣ್ಣನ ಕಣ್ಣು ಅತ್ತಿಗೆಯ ಕಡೆ ಹೋಯಿತು. ಅವರೂ ಕುಡಿದರು, ಅವರೂ ಅಂದರು. ಅತ್ತಿಗೆ ಚಮಚ ತುಂಬಿಸಿ ತುಟಿಯ ಹತ್ತಿರ ಹಿಡಿದರು.

ಬಾಯಿ ತೆಗೆಯಲಿಲ್ಲ. ಚಮಚದ ಆಚೆ ಓಣಿಯ ಬಾಗಿಲ ಕಡೆ ನೋಡುತ್ತಿದ್ದ.

ಕುಂಟಣ್ಣ ಅಷ್ಟು ವಯಸ್ಸಾದವನು, ಮುಖ ಮುಚ್ಚಿಕೊಂಡು ಅತ್ತುಬಿಟ್ಟ. "ಅವನು ಬರಲ್ಲ ಕಣೋ. ಐವತ್ತು ವರ್ಷ ಆಯ್ತು. ಅವನು ಬರಲ್ಲ."

ಆಮೇಲೆ ಅಂಗಡಿಯಲ್ಲಿ ಕೂತು ಹೇಳಿದ. ಅವನು ಹೇಳಿದ ಹಾಗೇ ಬರೆಯುತ್ತೇನೆ.

"ಗುಡ್ಡದ ಮೇಲೆ ನಮ್ಮದೊಂದು ಕಟ್ಟಳೆ ಇತ್ತು. ನೀರು ತಂದವನು ಕೊನೆಗೆ ಕುಡೀಬೇಕು. ಮೊದಲೇ ಕುಡಿಯೋಕೆ ಬಿಟ್ಟರೆ ದಾರೀಲೇ ಅರ್ಧ ಮುಗಿಸ್ತಾರೆ ಅಂತ ಯಾರೋ ತಮಾಷೆಗೆ ಶುರು ಮಾಡಿದ್ದು. ಒಬ್ಬೊಬ್ಬರು ಒಂದೊಂದು ಗುಟುಕು ಕುಡಿದು, ನಂದಾಯ್ತು ಅಂತ ಹೇಳಿ, ಮುಂದಿನವನಿಗೆ ಕೊಡೋದು. ಅವತ್ತು ಅಡುಗೆಯವನು ಒಬ್ಬನೇ ಹೋಗಿರಲಿಲ್ಲ. ನಿಮ್ಮಣ್ಣನೂ ಜೊತೆಗಿದ್ದ. ವಾಪಸ್ ಬರೋವಾಗ ಅಡುಗೆಯವನಿಗೆ ಬಿತ್ತು, ಬಾಟ್ಲಿಗೂ ತೂತಾಯ್ತು. ನೀನು ನಡಿ, ನೀರು ಮೇಲೆ ಹೋಗಲಿ ಅಂತ ಅವನೇ ಬಾಟ್ಲಿ ಕೊಟ್ಟನಂತೆ. ನಿಮ್ಮಣ್ಣ ಹೆಬ್ಬೆರಳಲ್ಲಿ ತೂತು ಮುಚ್ಚಿಕೊಂಡು ತೆವಳಿಕೊಂಡು ಬಂದ."

"ನೀರು ಬಂತಾ?"

"ಬಂತು. ಕುಡಿದ್ವಿ. ಅವನು ಕೆಳಗೆ ಕೂಗ್ತಾ ಇದ್ದ. ಅದನ್ನ ಕೇಳಿಸ್ಕೊಂಡೇ ಕುಡಿದ್ವಿ." ಕೋಲಿನ ಹಿಡಿಯನ್ನು ಉಜ್ಜಿದ. "ಎಲ್ಲರದೂ ಆದ ಮೇಲೆ ನಿಮ್ಮಣ್ಣನಿಗೆ ಕೊಟ್ರೆ, ತಂದವರು ಇಬ್ಬರು, ಮೊದಲು ಅವನು ಕುಡೀಲಿ, ಆಮೇಲೆ ನಾನು ಅಂದ. ಉಳಿದದ್ದನ್ನ ತಗೊಂಡು ಮತ್ತೆ ಇಳಿಯೋಕೆ ಹೊರಟ. ಗುಂಡಿನ ಮಳೆ ಆಗ್ತಿತ್ತು. ನಾವೇ ಕಾಲು ಹಿಡಿದು ಎಳ್ಕೊಂಡ್ವಿ. ಬೆಳಗಾಗೋ ಹೊತ್ತಿಗೆ ಕೂಗು ನಿಂತಿತ್ತು. ಇವನು ಮಾತ್ರ ಬೆರಳು ತೆಗೆದಿರಲಿಲ್ಲ. ನೀರು ಬರಲಿಲ್ಲ ಅಂತ ಆಫೀಸರು ಬರೆದರು. ಹಾಗೆ ಬರೆದರೆ ಸತ್ತವನಿಗೂ ಗೌರವ, ಕುಡಿದವರಿಗೂ ಮರ್ಯಾದೆ."

"ನಾನು ಹೇಳಿಕೆ ತಗೊಂಡಾಗ ಯಾಕೆ ಹೇಳಲಿಲ್ಲ?"

"ಎಲ್ಲಿದ್ದೆ, ಪಕ್ಕದಲ್ಲಿ ಯಾರು, ಕೈಯಲ್ಲಿ ಏನು ಅಂತ ನೀನು ಕೇಳಿದೆ. ಹೇಳಿದೆ. ನೀರು ಬಂತಾ ಅಂತ ನೀನು ಕೇಳಲೇ ಇಲ್ಲವಲ್ಲಪ್ಪಾ. ಬರಲಿಲ್ಲ ಅಂತ ಓದಿಕೊಂಡೇ ನೀನು ಬಂದಿದ್ದೆ."

ಅವನನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ನೋಡುತ್ತೇನೆ, ರೆಕಾರ್ಡರ್ ಜೇಬಿನಲ್ಲೇ ಇದೆ. ಆನ್ ಮಾಡುವುದು ಮರೆತೇಹೋಗಿತ್ತು.

ಅತ್ತಿಗೆಗೆ ಎಲ್ಲ ಹೇಳಿದೆ. "ಅಂದರೆ ಅವರು ಇಷ್ಟು ವರ್ಷ ನಮ್ಮ ಜೊತೆ ಊಟಕ್ಕೆ ಕೂತಾಗೆಲ್ಲ ಅಲ್ಲೇ ಇದ್ರಾ?" ಅಂದರು. ಗೊತ್ತಾಯಿತು, ಸರಿ. ಗೊತ್ತಾಗಿ ಏನು ಮಾಡುವುದು? ನಾಳೆ ಶುಕ್ರವಾರ. ಸತ್ತವನನ್ನು ಎಲ್ಲಿಂದ ಕರೆತರಲಿ?

ಅಕ್ಟೋಬರ್ 24, ಶುಕ್ರವಾರ

ವ್ಯಾನು ಬೇಗನೇ ಬಂತು. ಡ್ರೈವರು ಪೆಟ್ಟಿಗೆಗಳನ್ನು ಹೊರಗೆ ಸಾಗಿಸತೊಡಗಿದ. ಡಾಕ್ಟರು ಹತ್ತು ಗಂಟೆಯ ಮೇಲೆ ಬರುತ್ತೇನೆ ಅಂದಿದ್ದರು. ಅತ್ತಿಗೆ ಅಣ್ಣನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದರು, ಆಸ್ಪತ್ರೆಗೆ ಅಂತ. ಎಡಗೈ ಸವರುತ್ತಾ "ಕಟ್ಟಿಸ್ಕೋಬೇಡಿ ರೀ, ಬಾಯಿ ಬಿಡಿ" ಅಂತ ಒಂದೇ ಸಮನೆ ಹೇಳುತ್ತಿದ್ದರು. ಅಣ್ಣ ಬಾಗಿಲನ್ನೇ ನೋಡುತ್ತಿದ್ದ.

ಗಾಜಿನ ಪೆಟ್ಟಿಗೆಯಿಂದ ಬಾಟ್ಲಿ ತೆಗೆದೆ. ಮೇಲಿನ ಅಡುಗೆಮನೆಗೆ ಒಯ್ದು ಸೋಪು ಹಾಕಿ ತೊಳೆದೆ. ಒಳಗೆ ಕೈ ಹೋಗುವುದಿಲ್ಲ, ಮರಳು ಹಾಕಿ ಕುಲುಕಿ ಕುಲುಕಿ ಚೆಲ್ಲಿದೆ. ಎಷ್ಟು ವರ್ಷದ್ದೋ ಕೆಂಪು ನೀರು ಬಂತು. ಬಿಸಿನೀರಲ್ಲಿ ಎರಡು ಸಲ ಜಾಲಿಸಿದೆ. ಚೀಟಿ ಒದ್ದೆಯಾಗುತ್ತದೆ ಅಂತ ಕಿತ್ತು ಕಸದ ಬುಟ್ಟಿಗೆ ಹಾಕಿದ್ದೆ ಅನ್ನುವುದು ಆಮೇಲೆ ಗಮನಕ್ಕೆ ಬಂತು. ಕುಡಿಯುವ ನೀರು ತುಂಬಿಸಿದೆ. ತೂತಿಂದ ಸುರಿಯತೊಡಗಿತು. ಹೆಬ್ಬೆರಳು ಒತ್ತಿ ಹಿಡಿದೆ.

ಅಂಗಡಿಯ ಕಡೆಯಿಂದ ಹೋಗಲಿಲ್ಲ. ಹಿಂದಿನ ಓಣಿಯಿಂದ ಸುತ್ತಿ, ಅಣ್ಣ ನೋಡುವ ಬಾಗಿಲಿಂದ ಒಳಗೆ ಬಂದೆ. ತೋಳಿನ ಉದ್ದಕ್ಕೂ ನೀರು ಇಳಿಯುತ್ತಿತ್ತು. ಅತ್ತಿಗೆ ನನ್ನನ್ನು ನೋಡಿದರು, ಬಾಟ್ಲಿ ನೋಡಿದರು, ಏನೂ ಕೇಳದೆ ಪುಡಿ ಬೆರೆಸಿಟ್ಟಿದ್ದ ನೀರಿನ ಬಟ್ಟಲು, ಚಮಚ ಕೈಗೆತ್ತಿಕೊಂಡರು.

ಅಣ್ಣ ತಲೆ ಎತ್ತಲು ನೋಡಿದ. ನಾನು ಮಂಚದ ಪಕ್ಕ ಮೊಣಕಾಲೂರಿ ಕೂತು ಬಾಟ್ಲಿಯಿಂದ ಒಂದು ಗುಟುಕು ಕುಡಿದೆ. ಕಬ್ಬಿಣದ ರುಚಿ. ಅಷ್ಟೂ ಜನರ ಹೇಳಿಕೆ ತೆಗೆದುಕೊಳ್ಳುವಾಗ ಒಂದು ಅಕ್ಷರ ಸುಳ್ಳು ಇರಬಾರದು ಅಂತ ಎಷ್ಟು ಹಠ ಮಾಡಿದ್ದೆ.

"ನಂದಾಯ್ತು. ಇನ್ನು ನಿಂದು" ಅಂದೆ.

ಬಹಳ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಎಡಗೈ ನಿಧಾನವಾಗಿ ಬಂತು, ತೂತಿನ ಮೇಲಿದ್ದ ನನ್ನ ಬೆರಳಿನ ಮೇಲೆ ತನ್ನ ಹೆಬ್ಬೆರಳು ಇಟ್ಟು ಒತ್ತಿತು. ನೋವಾಗುವಷ್ಟು ಒತ್ತಿದ. ಬಾಯಿ ತೆರೆಯಿತು.

ಅತ್ತಿಗೆಯ ಅವಸರಕ್ಕೆ ಮೊದಲ ಚಮಚ ಗಲ್ಲದ ಮೇಲೆ ಹೋಯಿತು. ಎರಡನೆಯದು ಒಳಗೆ ಹೋಯಿತು. ಗಂಟಲು ಆಡಿತು. ಮೂರು, ನಾಲ್ಕು. ಅತ್ತಿಗೆ ಅಳುತ್ತಲೇ ಕೊಡುತ್ತಿದ್ದರು.

ಡ್ರೈವರು ಬಾಗಿಲಲ್ಲಿ ನಿಂತು ಪಟ್ಟಿ ನೋಡಿ, "ಇದೂ ಹೋಗಬೇಕಲ್ವಾ ಸರ್, ಮೊದಲನೇ ನಂಬರೇ ಇದು" ಅಂದ.

"ಅದು ಒದ್ದೆ ಇದೆ. ಒದ್ದೆ ಸಾಮಾನು ಕಟ್ಟಬಾರದು" ಅಂದೆ.

ಡಾಕ್ಟರು ಬಂದು ನೋಡಿ, ಸದ್ಯಕ್ಕೆ ನಳಿಕೆ ಬೇಡ, ಹೀಗೇ ಮುಂದುವರಿಸಿ ಅಂದರು. ಹೇಗೆ ಕುಡಿಸಿದಿರಿ ಅಂತ ಕೇಳಿದರು. ತಾನೇ ಕುಡಿದ ಅಂದೆ.

ಅಕ್ಟೋಬರ್ 27, ಸೋಮವಾರ

ಒಂದು ಸಲ ಆದದ್ದು ಇನ್ನೊಂದು ಸಲಕ್ಕೆ ಉಳಿಯುವುದಿಲ್ಲ. ಪ್ರತಿ ಸಲವೂ ಅವನು ಗುಡ್ಡದ ಮೇಲೇ ಇರುತ್ತಾನೆ, ಪ್ರತಿ ಸಲವೂ ಅಡುಗೆಯವನಿಗಾಗಿ ಕಾಯುತ್ತಾನೆ. ನಾನು ಬಾಟ್ಲಿ ತುಂಬಿಸಿಕೊಂಡು, ಓಣಿ ಸುತ್ತಿ, ಅದೇ ಬಾಗಿಲಿಂದ ಬರಬೇಕು. ಸುಮ್ಮನೆ ಬಾಯಿಗಿಟ್ಟು ತೆಗೆದರೆ ಒಪ್ಪುವುದಿಲ್ಲ, ನನ್ನ ಗಂಟಲು ನೋಡುತ್ತಾನೆ. ನಿಜವಾಗಿ ನುಂಗಬೇಕು. ಅವನು ನಂಬುತ್ತಾನೋ, ಅಥವಾ ತಮ್ಮ ಇಷ್ಟು ಕಷ್ಟಪಡುತ್ತಾನಲ್ಲ ಅಂತ ಕನಿಕರಕ್ಕೆ ಕುಡಿಯುತ್ತಾನೋ, ನನಗೆ ಗೊತ್ತಾಗುವುದಿಲ್ಲ. ಮಾತು ಬರುವ ಆಸೆ ಇಲ್ಲ ಅಂತ ಡಾಕ್ಟರು ಹೇಳಿಯಾಗಿದೆ. ಉಳಿದದ್ದು ಇಷ್ಟೇ, ಇದೂ ಎಷ್ಟು ದಿನವೋ.

ಮೇಡಮ್ ಫೋನ್ ಮಾಡಿದ್ದರು. "ನೀರು ಮೇಲೆ ಬರಲೇ ಇಲ್ಲ" ಅನ್ನುವ ಸಾಲನ್ನು ತೆಗೆಯಲಾದೀತಾ ಅಂತ ಕೇಳಿದೆ. ಬೋರ್ಡು ಬರೆಸಿ ಗೋಡೆಗೆ ಹಾಕಿ ಆಗಿದೆಯಂತೆ, ಶಾಲೆ ಪುಸ್ತಕದಲ್ಲೂ ಹಾಗೇ ಇದೆಯಲ್ಲ ಸರ್ ಅಂದರು. ಹೌದು, ಇದೆ. ಇನ್ನು ನಾನು ಯಾರ ಜೊತೆ ಜಗಳ ಆಡಲಿ. ಅಣ್ಣನ ಹೇಳಿಕೆಯ ಜಾಗ ಖಾಲಿ ಇರಲಿ ಅಂದೆ. ಫ್ರೇಮ್ ಆದರೂ ಕಳಿಸ್ತೀರಾ ಅಂದರು. ಅದರ ಮೇಲೆ ಗಂಜಿ ಬಟ್ಟಲು ಇದೆ ಅಂತ ಹೇಳಲಿಲ್ಲ.

"ಬಾಟ್ಲಿ ಯಾವಾಗ ಕೊಡ್ತೀರಿ ಸರ್? ನಡುವಿನ ಪೆಟ್ಟಿಗೆಯೇ ಖಾಲಿ ಇದೆ."

"ಅದು ಬಳಕೆಯಲ್ಲಿದೆ ಮೇಡಮ್" ಅಂದೆ.

ಆ ಫೋನಿನಿಂದ ಮಧ್ಯಾಹ್ನದ ಸರದಿ ತಡವಾಯಿತು. ಓಣಿಯಲ್ಲಿ ಓಡಿಕೊಂಡೇ ಬಂದೆ. ಬಾಗಿಲು ತಳ್ಳಿದಾಗ ಅಣ್ಣ ಬಾಗಿಲನ್ನೇ ನೋಡುತ್ತಿದ್ದ, ಒಂದು ಕಣ್ಣಿಂದ ನೀರು ಇಳಿದು ದಿಂಬು ನೆನೆದಿತ್ತು. ಜೀವಮಾನದಲ್ಲಿ ನಾನು ಅವನಿಗೆ ಅಣ್ಣ ಅನ್ನದೆ ಮಾತಾಡಿದವನಲ್ಲ.

"ಬಂದೆ ಕಣೋ" ಅಂದೆ. "ಬಂದೆ. ಸ್ವಲ್ಪ ತಡ ಆಯ್ತು."

ಬೆರಳನ್ನು ಗಟ್ಟಿಯಾಗಿಯೇ ಹಿಡಿದಿದ್ದೆ. ಆದರೂ ತೋಳೆಲ್ಲ ಒದ್ದೆಯಾಗಿತ್ತು.